‘ಇಲ್ಲ’ ಎನ್ನಲಾರದ ಪೆಟ್ಟಿಗೆ

ಅರ್ಜಿ ಸಲ್ಲಿಸಲು ಅಂದೇ ಕಡೆಯ ದಿನವಾಗಿದ್ದಿತು. ರಾತ್ರಿ ಹನ್ನೆರಡು ಗಂಟೆಗೆ ಸರಿಯಾಗಿ ಬಾಗಿಲು ಮುಚ್ಚುವುದೆಂದು ಕಾಲೇಜಿನ ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಸಂಜೆ ಏಳು ಗಂಟೆಗೇ ಲ್ಯಾಪ್‌ಟಾಪಿನ ಮುಂದೆ ಕುಳಿತ ಮಗಳು ಎಂಟೂವರೆಯಾದರೂ ಹಣ ಪಾವತಿಯ ಪುಟವನ್ನು ದಾಟಿರಲಿಲ್ಲ. ಒಂದೊಂದು ಪುಟ ತೆರೆಯುವ ಮುನ್ನವೂ ಯಂತ್ರವು ಯಾವುದೋ ಧ್ಯಾನದಲ್ಲಿ ಮುಳುಗಿದಂತೆ ನಿಂತುಬಿಡುತ್ತಿತ್ತು. ಬಳಿಕ ಏನೂ ನಡೆದಿಲ್ಲವೆಂಬಂತೆ ಇಡೀ ಪುಟವನ್ನು ಒಮ್ಮೆಲೇ ತಂದು ಮುಂದಿಡುತ್ತಿತ್ತು. ಪಾವತಿಯ ಹಂತಕ್ಕೆ ತಲಪುವಷ್ಟರಲ್ಲಿ ‘ನಿಮ್ಮ ಅವಧಿ ಮುಗಿಯಿತು, ಮತ್ತೆ ಮೊದಲಿನಿಂದ ಆರಂಭಿಸಿ’ ಎಂಬ ಸೂಚನೆ ಆಗಲೇ ಎರಡು ಸಲ ಬಂದಾಗಿತ್ತು.

ತಂದೆ ನಿವೃತ್ತ ಪೋಸ್ಟ್‌ಮಾಸ್ತರರು. ಬೆಳಗ್ಗೆಯೇ ಅವರು ಅಂತರಜಾಲದ ಸಂಪರ್ಕ ಕೊಟ್ಟವರಿಗೆ ಟೆಲಿಫೋನು ಮಾಡಿದ್ದರು. ಅವರ ಕಡೆಯ ಹುಡುಗನು ಬಂದು ವೇಗವನ್ನು ಅಳೆದು, “ಎಲ್ಲ ಸರಿಯಾಗಿದೆ ಸಾರ್, ನಿಮಗೆ ಕೊಡಬೇಕಾದ ವೇಗ ಪೂರ್ತಿಯಾಗಿ ಬರುತ್ತಿದೆ” ಎಂದು ಹೇಳಿ ಹೊರಟುಹೋಗಿದ್ದನು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೂ ಪುಟಗಳು ಬರುತ್ತಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಮಗಳು ತನ್ನ ಮೊಬೈಲನ್ನು ಹಿಡಿದು ಬಾಲ್ಕನಿಗೆ ಹೋಗಿ ಅದೇ ಪುಟವನ್ನು ಮೊಬೈಲಿನ ಸ್ವಂತ ಸಂಪರ್ಕದಲ್ಲಿ ತೆರೆದಾಗ ಅದು ಥಟ್ಟನೆ ತೆರೆದುಕೊಂಡಿತು. ಆದರೆ ಭಾವಚಿತ್ರ, ಸಹಿ, ಅಂಕಪಟ್ಟಿಗಳೆಲ್ಲವೂ ಲ್ಯಾಪ್‌ಟಾಪಿನಲ್ಲಿದ್ದುವು. ಮನೆಯ ಒಳಗೆ ಕಾಲಿಟ್ಟೊಡನೆ ಮೊಬೈಲಿನ ಸಂಕೇತ ಕ್ಷೀಣಿಸುತ್ತಿದ್ದಿತು.

ಒಂಬತ್ತು ಗಂಟೆಯ ಹೊತ್ತಿಗೆ ತಂದೆಯ ಅಕ್ಕನ ಮಗನು ಬಂದನು. ಕಂಪ್ಯೂಟರುಗಳ ನಡುವೆಯೇ ಉದ್ಯೋಗ ಮಾಡುವವನು. ಆ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ವ್ಯವಸ್ಥೆಯನ್ನು ತುಂಬಿ ಮತ್ತೆ ಜೀವ ಕೊಟ್ಟವನೂ ಅವನೇ. ಆದುದರಿಂದ ಮನೆಯವರೆಲ್ಲರ ದೃಷ್ಟಿಯೂ ಅವನ ಮೇಲೆ ಸ್ವಲ್ಪ ಆಪಾದನೆಯ ಭಾವದಿಂದಲೇ ಬಿದ್ದಿತು.

ಅವನು ಪರದೆಯನ್ನು ನೋಡಲಿಲ್ಲ. ಗೋಡೆಯ ಗಡಿಯಾರವನ್ನು ನೋಡಿದನು.

“ಮಾವ, ಸೆಕೆಂಡಿನ ಮುಳ್ಳನ್ನು ನೋಡಿಕೊಂಡು ಹೇಳಿ. ಇವಳು ಪುಟ ಒತ್ತಿದ ಮೇಲೆ ಎಷ್ಟು ಹೊತ್ತಾಗುತ್ತದೆ?”

“ಐದು ಸೆಕೆಂಡು.”

“ಇನ್ನೊಂದು ತಾಣ ತೆರೆಯಮ್ಮಾ. ಈಗ?”

“ಐದು.”

ಮತ್ತೊಂದಕ್ಕೆ ಹದಿನೈದು. ಮತ್ತೆ ಐದು. “ಇದೇನೋ ಐದರ ಮಗ್ಗಿಯಾಯಿತಲ್ಲ!” ಎಂದರು ಪೋಸ್ಟ್‌ಮಾಸ್ತರರು.

ಸೋದರಳಿಯನ ಮುಖ ಅರಳಿತು. “ಅದೇ ಗುರುತು ಮಾವ. ರಸ್ತೆಯಲ್ಲಿ ದಟ್ಟಣೆಯಿದ್ದರೆ ಒಮ್ಮೆ ಮೂರು ನಿಮಿಷ, ಒಮ್ಮೆ ಏಳು ನಿಮಿಷ ತಡವಾಗುತ್ತದೆ. ಪ್ರತಿಸಲವೂ ಲೆಕ್ಕ ಹಾಕಿದಂತೆ ಒಂದೇ ತಡವಾದರೆ ಅದು ದಟ್ಟಣೆಯಲ್ಲ. ಯಾರೋ ಯಾರಿಗೋ ಕಾಯುತ್ತಿದ್ದಾರೆ, ಇಷ್ಟು ಹೊತ್ತು ಕಾದು ಸಾಕೆಂದು ಎದ್ದು ಹೋಗುತ್ತಿದ್ದಾರೆ ಎಂದರ್ಥ.”

ಯಾರು, ಯಾರಿಗಾಗಿ ಕಾಯುತ್ತಿದ್ದರು? ಇದನ್ನು ತಿಳಿಯಲು ಅಂತರಜಾಲದ ಅಂಚೆ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಹೆಸರಿನ ಹಿಂದಿನ ಅಂಕೆ

ಅಂತರಜಾಲದಲ್ಲಿ ಯಾವ ಯಂತ್ರಕ್ಕೂ ಹೆಸರು ಗೊತ್ತಿಲ್ಲ. ಅಂಕೆ ಮಾತ್ರ ಗೊತ್ತು. ಮನುಷ್ಯನಿಗಾದರೋ ಅಂಕೆ ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ಈ ಎರಡನ್ನೂ ಹೊಂದಿಸುವ ಕೆಲಸವನ್ನು ಆರಂಭದ ವರ್ಷಗಳಲ್ಲಿ ಒಂದು ಪಟ್ಟಿಯೇ ಮಾಡುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಮಾಹಿತಿ ಕೇಂದ್ರದಲ್ಲಿ ಎಲ್ಲ ಯಂತ್ರಗಳ ಹೆಸರನ್ನೂ ಅಂಕೆಯನ್ನೂ ಬರೆದಿಟ್ಟ ಕಡತವೊಂದಿತ್ತು. ಜಾಲದಲ್ಲಿದ್ದವರೆಲ್ಲರೂ ಆಗಾಗ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ನೂರಾರು ಇದ್ದಷ್ಟು ದಿನ ಇದು ಸಾಗಿತು; ಹೆಚ್ಚಿದಂತೆ ಪಟ್ಟಿಯು ಭಾರವಾಯಿತು. 1983 ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಪೆಟ್ರಿಸ್ ಎಂಬವರು ಹೊಸ ಏರ್ಪಾಡನ್ನು ರೂಪಿಸಿದರು. ಅದೇ ‘ಡೊಮೈನ್ ಹೆಸರುಗಳ ವ್ಯವಸ್ಥೆ’, ಬಳಕೆಯಲ್ಲಿ ಡಿಎನ್ಎಸ್.

ಈ ಏರ್ಪಾಡಿನಲ್ಲಿ ಒಂದೇ ಪಟ್ಟಿಯಿಲ್ಲ. ತಾಲ್ಲೂಕು ಕಚೇರಿಯಲ್ಲಿ ಹೋಬಳಿಯ ವಿವರ, ಹೋಬಳಿಯಲ್ಲಿ ಗ್ರಾಮದ ವಿವರ ಇರುವಂತೆ ಹೆಸರಿನ ಒಂದೊಂದು ಭಾಗದ ಹೊಣೆಯನ್ನು ಒಂದೊಂದು ಕಡೆಯಲ್ಲಿ ವಹಿಸಲಾಗಿದೆ. ಎಲ್ಲಕ್ಕೂ ಮೇಲೆ ‘ಮೂಲ ಸರ್ವರು’ಗಳೆಂಬ ಹದಿಮೂರು ಹೆಸರುಗಳಿವೆ. ಮನೆಯ ಲ್ಯಾಪ್‌ಟಾಪು ಇಷ್ಟು ದೂರ ತಾನೇ ಹೋಗುವುದಿಲ್ಲ. ಅದು ಗೋಡೆಯ ಮೇಲಿನ ಪುಟ್ಟ ರೌಟರು ಪೆಟ್ಟಿಗೆಯನ್ನು ಕೇಳುತ್ತದೆ. ಪೆಟ್ಟಿಗೆಯು ಸಂಪರ್ಕ ಕೊಟ್ಟವರ ಸರ್ವರನ್ನು ಕೇಳುತ್ತದೆ. ಆ ಸರ್ವರು ಜಗತ್ತನ್ನು ಸುತ್ತಿ ಬಂದು ಉತ್ತರ ಹೇಳುತ್ತದೆ. ಇಷ್ಟೆಲ್ಲವೂ ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ.

ತೊಡಕು ಬಂದದ್ದು ಅಂಕೆಯ ಕೊರತೆಯಿಂದ. 1981 ರಲ್ಲಿ ನಿಗದಿಯಾದ ನಾಲ್ಕನೆಯ ಆವೃತ್ತಿಯ ವಿಳಾಸಕ್ಕೆ 32 ದ್ವಿಮಾನ ಅಂಕಿಗಳು. ಅವುಗಳಿಂದ ಹುಟ್ಟಬಹುದಾದ ವಿಳಾಸಗಳು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296. ಅಂದಿಗೆ ಅದು ಸಮುದ್ರದಂತೆ ಕಂಡಿತು. ಮನೆಮನೆಗೆ ಕಂಪ್ಯೂಟರು, ಕೈಕೈಗೆ ಮೊಬೈಲು ಬಂದ ಮೇಲೆ ಅದು ಬಾವಿಯಾಯಿತು. 2011 ರ ಫೆಬ್ರವರಿ 3 ರಂದು ಜಗತ್ತಿನ ಕೇಂದ್ರ ಭಂಡಾರದಲ್ಲಿದ್ದ ಕಡೆಯ ಐದು ಭಾಗಗಳನ್ನು ಐದು ಪ್ರಾಂತೀಯ ಸಂಸ್ಥೆಗಳಿಗೆ ಹಂಚಿ ಬಾವಿಯ ತಳ ಕಂಡದ್ದಾಯಿತು. ಇದನ್ನು ಮೊದಲೇ ಕಂಡಿದ್ದ ತಜ್ಞರು 1995 ರಲ್ಲಿಯೇ ಆರನೆಯ ಆವೃತ್ತಿಯನ್ನು ಪ್ರಕಟಿಸಿದ್ದರು. ಐದು ಎಂಬ ಸಂಖ್ಯೆಯನ್ನು ಬೇರೊಂದು ಪ್ರಯೋಗಕ್ಕೆ ಕೊಟ್ಟುಬಿಟ್ಟಿದ್ದರಿಂದ ನಾಲ್ಕರ ಮುಂದೆ ಆರು ಬಂದಿತು. ಇದರ ವಿಳಾಸಕ್ಕೆ 128 ದ್ವಿಮಾನ ಅಂಕಿಗಳು. ಒಟ್ಟು ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು.

ಆದರೆ ಹಳೆಯದನ್ನು ಒಂದು ರಾತ್ರಿಯಲ್ಲಿ ಕಿತ್ತು ಹೊಸದನ್ನು ಹಾಕಲು ಸಾಧ್ಯವೇ? ಭಾರತದಲ್ಲಿ 1972 ರ ಆಗಸ್ಟ್ 15 ರಂದು ಪಿನ್ ಕೋಡು ಬಂದಾಗ ಪಿನ್ ಕೋಡಿಲ್ಲದ ಕಾಗದಗಳನ್ನು ಅಂಚೆಯವರು ಎಸೆದುಬಿಡಲಿಲ್ಲ. ಹಾಗೆಯೇ ಜಾಲದಲ್ಲಿಯೂ ಎರಡು ಆವೃತ್ತಿಗಳು ಜೊತೆಜೊತೆಯಾಗಿ ಬದುಕಬೇಕಾಯಿತು. ಕೆಲವು ಜಾಲಗಳು ಎರಡನ್ನೂ ಬಲ್ಲವು. ಕೆಲವು ಹಳೆಯದೊಂದನ್ನೇ ಬಲ್ಲವು. ಪೋಸ್ಟ್‌ಮಾಸ್ತರರ ಮನೆಗೆ ತಂತಿಯಲ್ಲಿ ಬಂದ ಸಂಪರ್ಕ ಎರಡನೆಯ ವರ್ಗಕ್ಕೆ ಸೇರಿದ್ದಿತು.

ಒಂದು ಹೆಸರು, ಎರಡು ಪ್ರಶ್ನೆ

ಸೋದರಳಿಯನು ಒಂದು ಕಾಗದವನ್ನು ತೆಗೆದುಕೊಂಡು ವಿವರಿಸತೊಡಗಿದನು. ಡಿಎನ್ಎಸ್ ದಾಖಲೆಯಲ್ಲಿ ಹಳೆಯ ವಿಳಾಸಕ್ಕೆ ‘ಎ’ ಎಂದು ಹೆಸರು. ಹೊಸ ವಿಳಾಸವು ಅದರ ನಾಲ್ಕರಷ್ಟು ಉದ್ದವಾದುದರಿಂದ ಅದಕ್ಕೆ ನಾಲ್ಕು ಎ, ಅಂದರೆ ‘ಎಎಎಎ’ ಎಂದು ಹೆಸರಿಟ್ಟರು. ಈಗಿನ ಯಂತ್ರವು ಒಂದು ತಾಣದ ಹೆಸರು ಬಂದ ಕೂಡಲೇ ಎರಡು ಪ್ರಶ್ನೆಗಳನ್ನು ಕಳುಹಿಸುತ್ತದೆ: ‘ಇದರ ಹಳೆಯ ವಿಳಾಸವೇನು? ಹೊಸ ವಿಳಾಸವೇನು?’ ಲಿನಕ್ಸಿನಲ್ಲಿ ಈ ಕೆಲಸ ಮಾಡುವ ಗ್ನೂ ಸಿ ಲೈಬ್ರರಿಯು 2008 ರಲ್ಲಿ ಬಂದ ತನ್ನ 2.9 ನೆಯ ಆವೃತ್ತಿಯಿಂದ ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೇ ಕಳುಹಿಸುತ್ತದೆ. ಎರಡಕ್ಕೂ ಉತ್ತರ ಬಂದ ಮೇಲೆ ಮುಂದಿನ ಹೆಜ್ಜೆ. ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು? ಬೇರೆ ಅಪ್ಪಣೆಯಿಲ್ಲದಿದ್ದರೆ ಐದು ಸೆಕೆಂಡು.

“ಆದರೆ ನಮ್ಮ ಮನೆಗೆ ಹೊಸ ಆವೃತ್ತಿಯೇ ಇಲ್ಲವಲ್ಲ ಭಾವ? ಇಲ್ಲದ ವಿಳಾಸವನ್ನು ಕೇಳುವುದೇಕೆ?” ಎಂದಳು ಮಗಳು.

“ಕೇಳುವುದರಲ್ಲಿ ತಪ್ಪಿಲ್ಲ. ಹೊರಗಿನ ದಾರಿಯಿರಲಿ ಇಲ್ಲದಿರಲಿ, ಪ್ರತಿ ಯಂತ್ರವೂ ಮನೆಯೊಳಗಿನ ಬಳಕೆಗೆಂದು ಹೊಸ ಬಗೆಯ ಒಂದು ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದನ್ನು ಕಂಡ ಕೆಲವು ತಂತ್ರಾಂಶಗಳು ಹೊಸ ದಾರಿಯಿದ್ದೀತೆಂದು ಭಾವಿಸಿ ಕೇಳುತ್ತವೆ. ಕೇಳಿದವರಿಗೆ ‘ಇಲ್ಲ’ ಎಂದರೆ ಮುಗಿಯಿತು. ‘ಇಲ್ಲ’ ಎಂಬ ಉತ್ತರಕ್ಕೆ ಹಿಡಿಯುವ ಕಾಲವೂ ‘ಉಂಟು’ ಎಂಬ ಉತ್ತರಕ್ಕೆ ಹಿಡಿಯುವ ಕಾಲವೂ ಒಂದೇ. ತೊಂದರೆಯಾಗುವುದು ಉತ್ತರವನ್ನೇ ಕೊಡದಿದ್ದಾಗ.”

ಅಡುಗೆಯ ಮನೆಯಿಂದ ಕಾಫಿಯ ಲೋಟಗಳನ್ನು ತಂದ ತಾಯಿ ಈ ಮಾತನ್ನು ಕೇಳಿ ನಿಂತರು. “ಅದು ಸರಿ ಕಣೋ. ನಿನ್ನ ತಂಗಿಯ ಜಾತಕವನ್ನು ಒಯ್ದವರು ಏನು ಮಾಡಿದರು? ಆರು ತಿಂಗಳು ಆಗಬಹುದೆಂದೂ ಹೇಳಲಿಲ್ಲ, ಆಗದೆಂದೂ ಹೇಳಲಿಲ್ಲ. ಬೇಡವೆಂದು ಒಂದು ಕಾರ್ಡು ಬರೆದಿದ್ದರೆ ಮಾರನೆಯ ದಿನವೇ ಬೇರೆ ಕಡೆ ನೋಡುತ್ತಿದ್ದೆವು. ಅವರ ಮೌನದಿಂದ ನಮ್ಮ ಆರು ತಿಂಗಳು ಹೋಯಿತು.”

“ಅತ್ತೆ, ಇಡೀ ರೋಗವನ್ನೇ ಹೇಳಿಬಿಟ್ಟಿರಿ!” ಎಂದು ಸೋದರಳಿಯನು ನಕ್ಕನು. “ನಿಮ್ಮ ರೌಟರು ಪೆಟ್ಟಿಗೆಯೂ ಆ ಬೀಗರಂತೆಯೇ ಇರಬೇಕೆಂದು ನನ್ನ ಗುಮಾನಿ. ಹಳೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ. ಹೊಸ ಪ್ರಶ್ನೆಯನ್ನು ಕೇಳಿದರೆ ಅರ್ಥವಾಗದೆ ಸುಮ್ಮನಾಗುತ್ತದೆ. ಇನ್ನು ಗುಮಾನಿಯನ್ನು ಪರೀಕ್ಷಿಸಿಯೇ ಬಿಡೋಣ.”

ಪರೀಕ್ಷೆಯ ಕ್ರಮ

ಮೊದಲ ಪರೀಕ್ಷೆ ದಾರಿಯದು. ಹೆಸರನ್ನು ಬಿಟ್ಟು ಬರಿಯ ಅಂಕೆಯನ್ನು ಕೊಟ್ಟು ಅವನು ದೂರದ ಯಂತ್ರವೊಂದನ್ನು ಕರೆದನು. ಎಲ್ಲರ ಉಪಯೋಗಕ್ಕೂ ತೆರೆದಿರುವ 9.9.9.9 ಎಂಬ ಡಿಎನ್ಎಸ್ ಸರ್ವರು ತಡವಿಲ್ಲದೆ ಓಗೊಟ್ಟಿತು. ಅಂಕೆ ಕೊಟ್ಟರೆ ತಡವಿಲ್ಲ, ಹೆಸರು ಕೊಟ್ಟರೆ ತಡ. ಆದುದರಿಂದ ದಾರಿ ಸರಿಯಾಗಿದೆ, ವಿಳಾಸ ಹುಡುಕುವ ಕಡೆಯಲ್ಲಿ ದೋಷವಿದೆ. ಬೆಳಗ್ಗೆ ಬಂದ ಹುಡುಗನು ವೇಗವನ್ನು ಅಳೆದಾಗ ಏನೂ ಸಿಕ್ಕದಿದ್ದುದಕ್ಕೂ ಇದೇ ಕಾರಣ. ಮನೆ ಸಿಕ್ಕಿದ ಮೇಲೆ ಗಾಡಿ ಎಷ್ಟು ವೇಗವಾಗಿ ಓಡುವುದೆಂದು ಅವನು ಅಳೆದನೇ ಹೊರತು ಮನೆ ಹುಡುಕಲು ಎಷ್ಟು ಹೊತ್ತಾಯಿತೆಂದು ಅಳೆಯಲಿಲ್ಲ.

ಎರಡನೆಯ ಪರೀಕ್ಷೆಗೆ ‘ಡಿಗ್’ ಎಂಬ ಸಾಧನ ಬಳಕೆಯಾಯಿತು. ಡಿಎನ್ಎಸ್ ಸರ್ವರನ್ನು ಯಾವ ಮಧ್ಯವರ್ತಿಯೂ ಇಲ್ಲದೆ ನೇರವಾಗಿ ಪ್ರಶ್ನಿಸಿ, ಉತ್ತರವನ್ನೂ ಹಿಡಿದ ಕಾಲವನ್ನೂ ಇದ್ದಂತೆಯೇ ತೋರಿಸುವುದು ಇದರ ಗುಣ. ಕಾಲೇಜಿನ ತಾಣದ ಹೆಸರನ್ನು ಕೊಟ್ಟು ರೌಟರನ್ನು ‘ಎ’ ದಾಖಲೆ ಕೇಳಿದಾಗ ಒಡನೆಯೇ ಉತ್ತರ ಬಂದಿತು. ಅದೇ ಹೆಸರಿಗೆ ‘ಎಎಎಎ’ ಕೇಳಿದನು. ಪರದೆ ನಿಶ್ಚಲವಾಯಿತು. ಐದು ಸೆಕೆಂಡು, ಎರಡನೆಯ ಸಲ ಕೇಳಿ ಮತ್ತೆ ಐದು, ಮೂರನೆಯ ಸಲ ಮತ್ತೆ ಐದು. ಕಡೆಗೆ ‘ಯಾವ ಸರ್ವರೂ ಸಿಕ್ಕಲಿಲ್ಲ’ ಎಂಬ ಸಾಲು ಮೂಡಿತು.

ಮೂರನೆಯ ಪರೀಕ್ಷೆ ಪಾಟೀಸವಾಲು. ಅದೇ ಹೆಸರು, ಅದೇ ‘ಎಎಎಎ’ ಪ್ರಶ್ನೆ. ಆದರೆ ಈ ಸಲ ರೌಟರನ್ನು ಬಿಟ್ಟು 9.9.9.9 ನ್ನು ಕೇಳಿದನು. ಉತ್ತರ ಕ್ಷಣದಲ್ಲಿ ಬಂದಿತು: ದೋಷವಿಲ್ಲ, ಉತ್ತರಗಳ ಸಂಖ್ಯೆ ಸೊನ್ನೆ.

“ಸೊನ್ನೆ ಎಂದರೆ ಕೆಟ್ಟುಹೋಯಿತೆಂದು ಅರ್ಥವೇ?” ಎಂದು ಕೇಳಿದರು ಪೋಸ್ಟ್‌ಮಾಸ್ತರರು.

“ಇಲ್ಲ ಮಾವ, ಅದೇ ಒಳ್ಳೆಯ ಉತ್ತರ. ‘ಈ ಹೆಸರಿನವರು ಇದ್ದಾರೆ, ಆದರೆ ಅವರಿಗೆ ಹೊಸ ಬಗೆಯ ವಿಳಾಸವಿಲ್ಲ’ ಎಂದು ಅದರ ಅರ್ಥ. ನಮಗೆ ಬೇಕಾಗಿದ್ದುದು ಅಷ್ಟೇ.”

ಪೋಸ್ಟ್‌ಮಾಸ್ತರರಿಗೆ ಇದು ಚೆನ್ನಾಗಿ ಅರ್ಥವಾಯಿತು. ವಿಳಾಸದಾರರು ಸಿಕ್ಕದ ಕಾಗದದ ಮೇಲೆ ಕಾರಣವನ್ನು ಬರೆದು ಕಳುಹಿಸಿದವರಿಗೆ ಹಿಂದಿರುಗಿಸುವುದು ಅವರ ಇಡೀ ಸೇವೆಯ ನಿಯಮವಾಗಿದ್ದಿತು. ಹಾಗೆ ಹಿಂದಿರುಗಿಸದೆ ಮೂಲೆಯಲ್ಲಿ ಎಸೆದಿಟ್ಟ ಅಂಚೆಪೇದೆಯನ್ನು ಅವರು ಎಂದೂ ಕ್ಷಮಿಸಿದವರಲ್ಲ. ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತಿದ್ದ ಪೆಟ್ಟಿಗೆಯನ್ನು ಅವರು ಈಗ ಅದೇ ದೃಷ್ಟಿಯಿಂದ ನೋಡಿದರು.

ಪರಿಹಾರಕ್ಕೆ ಎರಡು ನಿಮಿಷ ಸಾಕಾಯಿತು. ಲ್ಯಾಪ್‌ಟಾಪಿನ ಸಂಪರ್ಕದ ವಿವರಗಳಲ್ಲಿ ಡಿಎನ್ಎಸ್ ಸರ್ವರಿನ ಜಾಗದಲ್ಲಿ ರೌಟರಿನ ವಿಳಾಸವನ್ನು ತೆಗೆದು ಹೊರಗಿನ ಸರ್ವರಿನ ವಿಳಾಸವನ್ನು ಬರೆದು, ಸಂಪರ್ಕವನ್ನು ಒಮ್ಮೆ ಮುಚ್ಚಿ ತೆರೆದನು. ಪುಟಗಳು ಒತ್ತಿದೊಡನೆ ಬಂದುವು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಮಗಳು ಹಣ ಪಾವತಿ ಮಾಡಿ, ಸ್ವೀಕೃತಿಯ ಸಂಖ್ಯೆಯನ್ನು ಎರಡು ಕಡೆ ಬರೆದುಕೊಂಡಳು. ಒಂದು ವರ್ಷದ ಓದು ಐದೈದು ಸೆಕೆಂಡಿನ ಸಾಲದಲ್ಲಿ ಮುಳುಗಿಹೋಗುವುದು ತಪ್ಪಿತು.

ರೋಗದ ಬೇರೆ ರೂಪಗಳು

ಮನೆಮನೆಯಲ್ಲಿಯೂ ರೋಗವು ಇದೇ ರೂಪದಲ್ಲಿ ಬರುವುದೆಂದು ತಿಳಿಯಬಾರದು. 2005 ರ ಮೇ ತಿಂಗಳಿನಲ್ಲಿಯೇ ಜಪಾನಿನ ಇಬ್ಬರು ತಜ್ಞರು ‘ಎಎಎಎ’ ಪ್ರಶ್ನೆಗೆ ಸರ್ವರುಗಳು ತೋರುವ ದುರ್ನಡತೆಗಳನ್ನು ಒಂದು ಅಧಿಕೃತ ಪತ್ರದಲ್ಲಿ ಪಟ್ಟಿ ಮಾಡಿದ್ದರು. ಮೌನ ಅವುಗಳಲ್ಲಿ ಒಂದು. ಅದಕ್ಕಿಂತಲೂ ಕೆಡುಕಾದದ್ದು ಸುಳ್ಳು. ‘ಹೊಸ ವಿಳಾಸವಿಲ್ಲ’ ಎನ್ನಬೇಕಾದ ಕಡೆ ‘ಇಂಥ ಹೆಸರೇ ಜಗತ್ತಿನಲ್ಲಿಲ್ಲ’ ಎಂದು ಕೆಲವು ಸರ್ವರುಗಳು ಹೇಳಿಬಿಡುತ್ತವೆ. ಬಾಡಿಗೆಗೆ ಮಹಡಿ ಇದೆಯೇ ಎಂದು ಕೇಳಿದವನಿಗೆ ಇಲ್ಲಿ ಮನೆಯೇ ಇಲ್ಲವೆಂದು ಹೇಳಿದಂತಾಯಿತು. ಅದನ್ನು ನಂಬಿದ ತಂತ್ರಾಂಶವು ಹಳೆಯ ವಿಳಾಸವನ್ನು ಕೇಳುವ ಗೋಜಿಗೇ ಹೋಗದೆ ಹಿಂದಿರುಗುತ್ತದೆ. ಆಗ ತಡವೂ ಕಾಣುವುದಿಲ್ಲ. ತಾಣ ತೆರೆಯುವುದೂ ಇಲ್ಲ. ಡಿಗ್ ಸಾಧನದ ಉತ್ತರದಲ್ಲಿ ‘ನೋ ಎರರ್’ ಎಂದಿದೆಯೋ ‘ಎನ್ಎಕ್ಸ್‌ಡೊಮೈನ್’ ಎಂದಿದೆಯೋ ನೋಡಿದರೆ ಸತ್ಯ ಸುಳ್ಳುಗಳು ತಿಳಿಯುತ್ತವೆ.

ಮೂರನೆಯ ರೂಪ ಇನ್ನೂ ಸೂಕ್ಷ್ಮ. ಬಿಡಿಬಿಡಿಯಾಗಿ ಕೇಳಿದರೆ ಎರಡು ಪ್ರಶ್ನೆಗೂ ಉತ್ತರ ಬರುತ್ತದೆ. ಒಟ್ಟಿಗೆ ಕೇಳಿದರೆ ಒಂದು ಕಳೆದುಹೋಗುತ್ತದೆ. ಎರಡು ಪ್ರಶ್ನೆಗಳೂ ಒಂದೇ ಕಿಂಡಿಯಿಂದ ಹೊರಟಿರುತ್ತವೆ. ಮೊದಲ ಉತ್ತರ ಬಂದ ಕೂಡಲೇ ಕೆಲಸ ಮುಗಿಯಿತೆಂದು ತಿಳಿದು ಕೆಲವು ಪೆಟ್ಟಿಗೆಗಳು ಆ ಕಿಂಡಿಯನ್ನು ಮುಚ್ಚಿಬಿಡುತ್ತವೆ. ಇದಕ್ಕೆ ಲಿನಕ್ಸಿನ ‘ರಿಸಾಲ್ವ್’ ಕಡತದಲ್ಲಿ ‘ಸಿಂಗಲ್-ರಿಕ್ವೆಸ್ಟ್-ರೀಓಪನ್’ ಎಂಬ ಒಂದು ಆಯ್ಕೆಯನ್ನು ಬರೆಯುವ ಪದ್ಧತಿಯಿದೆ. ಆಗ ಯಂತ್ರವು ಎರಡನೆಯ ಪ್ರಶ್ನೆಗೆ ಬೇರೆ ಕಿಂಡಿಯನ್ನು ತೆರೆಯುತ್ತದೆ. ಹೊಸ ವಿಳಾಸದ ಗೊಡವೆಯೇ ಬೇಡವೆನ್ನುವವರಿಗೆ 2022 ರಲ್ಲಿ ಬಂದ 2.36 ನೆಯ ಆವೃತ್ತಿಯಿಂದ ‘ನೋ-ಎಎಎಎ’ ಎಂಬ ಆಯ್ಕೆಯೂ ದೊರೆತಿದೆ. ಅದನ್ನು ಬರೆದರೆ ಎರಡನೆಯ ಪ್ರಶ್ನೆ ಹೊರಡುವುದೇ ಇಲ್ಲ.

ಕಚೇರಿಗಳಲ್ಲಿ ಸ್ವಂತ ಡಿಎನ್ಎಸ್ ಸರ್ವರು ಇಟ್ಟುಕೊಂಡವರಿಗೆ ಕಾಣುವ ರೂಪವೇ ಬೇರೆ. 2008 ರ ಫೆಬ್ರವರಿ 4 ರಂದು ಮೂಲ ಸರ್ವರುಗಳ ಪೈಕಿ ಆರಕ್ಕೆ ಹೊಸ ಬಗೆಯ ವಿಳಾಸವೂ ಪಟ್ಟಿಯಲ್ಲಿ ಸೇರಿತು. ಈಗ ಹದಿಮೂರಕ್ಕೂ ಇದೆ. ಹೊಸ ದಾರಿಯಿಲ್ಲದ ಕಚೇರಿಯಲ್ಲಿರುವ ಬೈಂಡ್ ಎಂಬ ಪ್ರಸಿದ್ಧ ತಂತ್ರಾಂಶವು ಆ ವಿಳಾಸಗಳನ್ನು ಓದಿ ಅತ್ತ ಹೊರಟು, ‘ಜಾಲ ತಲಪಲಾಗದು’ ಎಂಬ ಸಾಲನ್ನು ದಿನಚರಿಯಲ್ಲಿ ನೂರಾರು ಸಲ ಬರೆಯುತ್ತದೆ. ಒಡನೆಯೇ ‘ಆಗದು’ ಎಂದು ತಿಳಿದುಬರುವುದರಿಂದ ಅದು ಹಳೆಯ ವಿಳಾಸದತ್ತ ತಿರುಗಿ ಕೆಲಸ ಮುಗಿಸುತ್ತದೆ, ಹಾನಿ ಹೆಚ್ಚಿಲ್ಲ. ಆದರೆ ದಿನಚರಿಯು ಇಂಥ ಸಾಲುಗಳಿಂದ ತುಂಬಿ ನಿಜವಾದ ದೋಷವೊಂದು ಬಂದಾಗ ಕಣ್ಣಿಗೆ ಬೀಳದೆ ಹೋಗುವ ಅಪಾಯವುಂಟು. ಆ ತಂತ್ರಾಂಶವನ್ನು ಆರಂಭಿಸುವಾಗ ‘-4’ ಎಂಬ ಸೂಚನೆಯನ್ನು ಸೇರಿಸಿದರೆ ಅದು ಹಳೆಯ ದಾರಿಯನ್ನು ಮಾತ್ರ ಹಿಡಿಯುತ್ತದೆ, ಗದ್ದಲ ನಿಲ್ಲುತ್ತದೆ.

ಕಡೆಯ ರೂಪದಲ್ಲಿ ಡಿಎನ್ಎಸ್ ನಿರಪರಾಧಿ. ವಿಳಾಸ ಸರಿಯಾಗಿ ಸಿಕ್ಕಿರುತ್ತದೆ. ರೌಟರು ಹೊಸ ದಾರಿಯಿದೆಯೆಂದು ಬೋರ್ಡನ್ನೂ ಹಾಕಿರುತ್ತದೆ. ಆದರೆ ಸ್ವಲ್ಪ ದೂರ ಹೋದ ಮೇಲೆ ದಾರಿ ಕಡಿದುಹೋಗಿರುತ್ತದೆ. ದಾರಿ ಇಲ್ಲವೆಂದು ಮೊದಲೇ ತಿಳಿದಿದ್ದರೆ ಯಂತ್ರವು ಹೊಸ ವಿಳಾಸವನ್ನು ಸಾಲಿನ ಕಡೆಗೆ ತಳ್ಳಿ ಹಳೆಯದನ್ನೇ ಬಳಸುತ್ತದೆ. ಇದೆಯೆಂಬ ಸುಳ್ಳು ಭರವಸೆಯಿಂದ ಮಾತ್ರ ಅದು ಮೋಸಹೋಗುತ್ತದೆ. ಇದಕ್ಕೆ 2012 ರಲ್ಲಿ ತಜ್ಞರು ಒಂದು ಉಪಾಯವನ್ನು ಪ್ರಕಟಿಸಿದರು. ಮೊದಲು ಹೊಸ ದಾರಿಯಲ್ಲಿ ಒಬ್ಬ ಓಟಗಾರನನ್ನು ಕಳುಹಿಸುವುದು. ಅವನು ಬೇಗ ಮುಟ್ಟದಿದ್ದರೆ ಕಾಯುತ್ತ ಕುಳಿತುಕೊಳ್ಳದೆ ಹಳೆಯ ದಾರಿಯಲ್ಲಿ ಇನ್ನೊಬ್ಬನನ್ನು ಬಿಡುವುದು. ಯಾರು ಮೊದಲು ಮುಟ್ಟಿದರೋ ಅವರನ್ನು ಇಟ್ಟುಕೊಳ್ಳುವುದು. 2017 ರ ಪರಿಷ್ಕರಣದಲ್ಲಿ ಈ ನಡುವಿನ ಅಂತರವು ಕಾಲು ಸೆಕೆಂಡಿರಲೆಂದು ಸಲಹೆಯಿದೆ. ‘ಸಂತಸದ ಕಣ್ಣುಗಳು’ ಎಂಬರ್ಥ ಬರುವ ಹೆಸರನ್ನು ಅದಕ್ಕೆ ಇಂಗ್ಲಿಷಿನಲ್ಲಿಟ್ಟರು. ಪರದೆಯ ಮುಂದೆ ಕುಳಿತವರ ಕಣ್ಣುಗಳೇ ಅವು. ಈಗಿನ ಮುಖ್ಯ ಬ್ರೌಸರುಗಳೆಲ್ಲವೂ ಈ ಉಪಾಯವನ್ನು ಅನುಸರಿಸುತ್ತವೆ. ಆದರೆ ಎರಡೂ ಪ್ರಶ್ನೆಗಳ ಉತ್ತರ ಬರುವವರೆಗೆ ಲೈಬ್ರರಿಯು ತಡೆದು ನಿಲ್ಲಿಸಿದರೆ ಓಟವು ಆರಂಭವಾಗುವುದೇ ಇಲ್ಲ. ಆದುದರಿಂದಲೇ ಪೋಸ್ಟ್‌ಮಾಸ್ತರರ ಮನೆಯಲ್ಲಿ ಅದು ನೆರವಿಗೆ ಬರಲಿಲ್ಲ.

ಆತುರದ ಮದ್ದು

ಇಂಥ ತೊಂದರೆ ಬಂದಾಗ ಬಲ್ಲವರೆನಿಸಿಕೊಂಡವರು ಮೊದಲು ಕೊಡುವ ಸಲಹೆಯೆಂದರೆ, “ಯಂತ್ರದಲ್ಲಿ ಹೊಸ ಆವೃತ್ತಿಯನ್ನು ಪೂರ್ತಿ ನಿಲ್ಲಿಸಿಬಿಡಿ” ಎಂಬುದು. ಇದರಿಂದ ಕೆಲವೊಮ್ಮೆ ಗುಣ ಕಾಣುವುದು ನಿಜ. ಆದರೆ ಹಲ್ಲು ನೋವಿಗೆ ದವಡೆಯನ್ನೇ ಕಟ್ಟಿಹಾಕಿದಂತೆ ಇದು. ಭಾರತದ ದೂರಸಂಪರ್ಕ ಇಲಾಖೆಯು 2010 ರ ಜುಲೈಯಲ್ಲಿಯೇ ಆರನೆಯ ಆವೃತ್ತಿಗೆ ಸಾಗುವ ಮಾರ್ಗಸೂಚಿಯನ್ನು ಹೊರಡಿಸಿದೆ. 2016 ರಲ್ಲಿ ಸೇವೆಯನ್ನು ಆರಂಭಿಸಿದ ಜಿಯೊ ಮೊಬೈಲ್ ಜಾಲವು ಹೊಸ ಆವೃತ್ತಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ಮೇಲೆ, ಆರನೆಯ ಆವೃತ್ತಿಯನ್ನು ಹೆಚ್ಚಾಗಿ ಬಳಸುವ ದೇಶಗಳ ಸಾಲಿನಲ್ಲಿ ಭಾರತವು ಮುಂದೆ ನಿಂತಿದೆ. ಮಗಳ ಮೊಬೈಲಿನಲ್ಲಿ ಪುಟವು ಥಟ್ಟನೆ ತೆರೆದದ್ದು ಆಶ್ಚರ್ಯವಲ್ಲ. ಅದರ ಪ್ರಶ್ನೆಗಳು ಮನೆಯ ಪೆಟ್ಟಿಗೆಯ ಬಳಿಗೆ ಹೋಗಲೇ ಇಲ್ಲ. ತಂತಿಯ ಸಂಪರ್ಕಕ್ಕೂ ಹೊಸ ದಾರಿ ಇಂದಲ್ಲ ನಾಳೆ ಬರುತ್ತದೆ. ಆಗ, ಎಂದೋ ಆತುರದಲ್ಲಿ ಮುಚ್ಚಿ ಮರೆತ ಬಾಗಿಲು ಬೇರೊಂದು ತೊಂದರೆಯನ್ನು ತಂದೊಡ್ಡುತ್ತದೆ. ಅದನ್ನು ಮುಚ್ಚಿದವರು ಯಾರೆಂಬುದೂ ನೆನಪಿರುವುದಿಲ್ಲ.

ಆದುದರಿಂದ ಸೋದರಳಿಯನು ಅಂದು ರಾತ್ರಿ ಇನ್ನೊಂದು ಕೆಲಸ ಮಾಡಿದನು. ಏನನ್ನು ಬದಲಾಯಿಸಿದೆ, ಏಕೆ ಬದಲಾಯಿಸಿದೆ, ಮೊದಲು ಏನಿತ್ತು ಎಂಬುದನ್ನು ತಾರೀಖಿನೊಡನೆ ಒಂದು ಚೀಟಿಯಲ್ಲಿ ಬರೆದು ರೌಟರಿನ ಬೆನ್ನಿಗೆ ಅಂಟಿಸಿದನು. ಮಾರನೆಯ ದಿನ ಪೋಸ್ಟ್‌ಮಾಸ್ತರರು ಸಂಪರ್ಕ ಕೊಟ್ಟವರಿಗೆ ಮತ್ತೆ ಟೆಲಿಫೋನು ಮಾಡಿದರು. ಈ ಸಲ ಅವರು “ನಿಧಾನವಾಗಿದೆ” ಎಂದು ದೂರಲಿಲ್ಲ. “ನಿಮ್ಮ ಪೆಟ್ಟಿಗೆ ‘ಎ’ ಪ್ರಶ್ನೆಗೆ ಉತ್ತರ ಕೊಡುತ್ತದೆ, ‘ಎಎಎಎ’ ಪ್ರಶ್ನೆಗೆ ಕೊಡುವುದಿಲ್ಲ, ಹೊರಗಿನ ಸರ್ವರು ಎರಡಕ್ಕೂ ಕೊಡುತ್ತದೆ” ಎಂದರು. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಬೇರೊಬ್ಬ ಹಿರಿಯರು ಮಾತಿಗೆ ಬಂದರು. ಮೂರನೆಯ ದಿನ ಪೆಟ್ಟಿಗೆಯ ಒಳಗಿನ ತಂತ್ರಾಂಶವನ್ನು ಹೊಸದಾಗಿ ತುಂಬಿಕೊಟ್ಟರು. ನಿಖರವಾದ ದೂರಿಗೆ ನಿಖರವಾದ ಉತ್ತರ ದೊರೆಯಿತು.

ಸಂಜೆ ಸೋದರಳಿಯನು ಬಂದಾಗ ಪೋಸ್ಟ್‌ಮಾಸ್ತರರು ತಾವೇ ಡಿಗ್ ಸಾಧನದಿಂದ ಪೆಟ್ಟಿಗೆಯನ್ನು ಪ್ರಶ್ನಿಸಿ ತೋರಿಸಿದರು. ಉತ್ತರಗಳ ಸಂಖ್ಯೆ ಸೊನ್ನೆ. ಕ್ಷಣಮಾತ್ರದಲ್ಲಿ ಬಂದ ಸೊನ್ನೆ. ಅವರು ಕನ್ನಡಕವನ್ನು ತೆಗೆದು ಒರೆಸಿಕೊಳ್ಳುತ್ತ, “ಈಗ ಅದಕ್ಕೆ ‘ಇಲ್ಲ’ ಎನ್ನುವುದು ಗೊತ್ತಾಯಿತು” ಎಂದರು.

ತಾಯಿ ಒಳಗಿನಿಂದಲೇ ಹೇಳಿದರು: “ಆ ಜಾತಕ ಒಯ್ದವರಿಗೂ ಯಾರಾದರೂ ಇದನ್ನು ತುಂಬಿಕೊಟ್ಟಿದ್ದರೆ ಚೆನ್ನಾಗಿತ್ತು.”